ಬೋಳುಮರದ ದನಿ

ಎಲೆ ಉದುರಿ ಮುಗಿದ ಕಾಡಿನಲ್ಲಿ ಮಟಮಟ ಮಧ್ಯಾಹ್ನ ಹೇಗಿರುತ್ತದೆ ಗೊತ್ತಾ ಮಕ್ಕಳೇ? ಗಾಳಿ ಇರುವುದಿಲ್ಲ. ಜಿಂಕೆ ನೆರಳು ಹುಡುಕಿ ಮಲಗಿರುತ್ತದೆ. ಮರಕುಟಿಗ ಕೂಡ ಕುಟ್ಟುವುದನ್ನು ನಿಲ್ಲಿಸಿರುತ್ತದೆ. ಆದರೂ ಎಲ್ಲೋ ಒಂದು ತರಗೆಲೆ 'ಚರಕ್' ಎನ್ನುತ್ತದೆ. ತಿರುಗಿ ನೋಡಿದರೆ ಅಲ್ಲಿ ಯಾರೂ ಇರುವುದಿಲ್ಲ.

ಅಂಥದೊಂದು ಕಾಡಿನಲ್ಲಿ, ಬತ್ತಿದ ಹಳ್ಳದ ಪಕ್ಕದ ದೊಡ್ಡ ಬಿದಿರುಮೆಳೆಯ ಹತ್ತಿರ, ಹರಟೆಮಲ್ಲ ಹಕ್ಕಿಗಳ ಒಂದು ಕುಟುಂಬ ವಾಸವಾಗಿತ್ತು.

ಹರಟೆಮಲ್ಲಗಳನ್ನು ನೀವು ನೋಡಿರುತ್ತೀರಿ. ಬೂದಿಯಲ್ಲಿ ಹೊರಳಾಡಿ ಎದ್ದಂಥ ಬಣ್ಣ, ಬಾಚಣಿಗೆ ಕಾಣದ ತಲೆ, ಯಾರ ಮೇಲೋ ಸಿಟ್ಟು ಬಂದಿರುವಂಥ ಬಿಳಿಗಣ್ಣು. ಅವಕ್ಕೆ ನಡೆಯಲು ಬರುವುದಿಲ್ಲ, ಕುಪ್ಪಳಿಸುತ್ತವೆ. ಒಂಟಿಯಾಗಿರಲು ಬರುವುದಿಲ್ಲ, ಗುಂಪಿನಲ್ಲೇ ಇರುತ್ತವೆ. ಸುಮ್ಮನಿರಲು ಅಂತೂ ಬರುವುದೇ ಇಲ್ಲ. ಬೆಳಗ್ಗೆ ಎದ್ದಾಗಿನಿಂದ ತರಗೆಲೆ ಮಗುಚಿ ಹುಳ ಹುಡುಕುತ್ತಾ ಒಂದೇ ವಟವಟ. ನೀನು ನನ್ನ ಎಲೆ ಮಗುಚಿದೆ, ನಿನ್ನ ಕಾಲು ನನ್ನ ಬಾಲ ತುಳಿಯಿತು, ಹೀಗೆ. ಜಗಳ ಮುಗಿದ ಮೇಲೆ ಒಬ್ಬರ ಕತ್ತಿನ ಗರಿ ಒಬ್ಬರು ಬಿಡಿಸಿ ಹೇನು ತೆಗೆಯುತ್ತಾರೆ. ಸಂಜೆಯಾದರೆ ಒಂದೇ ಕೊಂಬೆಯ ಮೇಲೆ ಮೈಗೆ ಮೈ ಒತ್ತಿ ಸಾಲಾಗಿ ಕೂರುತ್ತಾರೆ. ಮರಿ ಯಾರದೇ ಆಗಲಿ, ತುತ್ತು ಎಲ್ಲರೂ ಕೊಡುತ್ತಾರೆ.

ಈ ಕುಟುಂಬಕ್ಕೆ ಹಿರಿಯಳು ಬೂದಜ್ಜಿ. ಅವಳ ಕಣ್ಣು ಮಂಜಾಗಿತ್ತು, ಕಿವಿ ಮಾತ್ರ ಬಲು ಚುರುಕು. ಮೊಮ್ಮಗಳು ತರಗಿ ಈಗ ತಾನೇ ಒಂದು ಮರಿಯ ತಾಯಿಯಾಗಿದ್ದಳು. ಮರಿಯ ಹೆಸರು ಚಿಗುರಿ. ಗೂಡಿನಿಂದ ಇಳಿದಿತ್ತು, ಹಾರಲು ಬರುತ್ತಿರಲಿಲ್ಲ, ಹಸಿವು ಮಾತ್ರ ಒಂದು ನಿಮಿಷ ಬಿಡುತ್ತಿರಲಿಲ್ಲ. ತರಗಿಯ ತಂಗಿ ಗರಿಕೆ. ಚಿಕ್ಕಂದಿನಲ್ಲಿ ಒಂದು ಮುಳ್ಳುಬೀಜ ನುಂಗಿ ಅವಳ ದನಿ ಕೊನೆಯಲ್ಲಿ ಸಣ್ಣಗೆ ಒಡೆಯುತ್ತಿತ್ತು. ಆಮೇಲೆ ಸೊಟ್ಟಕೊಕ್ಕಿನ ಸೊಟ್ಟಮಾವ, ಜೊತೆಗೆ ಇನ್ನೂ ನಾಲ್ಕೈದು ನೆಂಟರು. ಇನ್ನು ತರಗಿಯ ಗಂಡ ಹೊಂಗ. ಅವನು ಮರಿಗೆಂದು ಹುಳ ಹಿಡಿದು ಹೊರಟರೆ ಅರ್ಧ ದಾರಿಯಲ್ಲಿ ಮರೆತು ತಾನೇ ನುಂಗಿಬಿಡುವಂಥ ಗಂಡ. ಹೆಚ್ಚು ಹೇಳುವುದು ಬೇಡ.

ಹರಟೆಮಲ್ಲಗಳಲ್ಲಿ ಒಂದು ಕಟ್ಟುಪಾಡಿದೆ. ಎಲ್ಲರೂ ನೆಲದಲ್ಲಿ ತಲೆ ತಗ್ಗಿಸಿ ತಿನ್ನುವಾಗ ಒಬ್ಬರು ಎತ್ತರದಲ್ಲಿ ಕೂತು ಕಾವಲು ಕಾಯಬೇಕು. ಇವರ ಕಾವಲಿನ ಜಾಗ ಸಿಡಿಲು ಬಡಿದು ಸತ್ತ ಒಂದು ಬೋಳು ಮತ್ತಿಮರ. ಅಲ್ಲಿ ಕೂತವರು 'ಟುಯ್… ಟುಯ್…' ಎಂದು ಮೆಲ್ಲಗೆ ಕೂಗುತ್ತಲೇ ಇರಬೇಕು. ಅವರ ಮಾತಿನಲ್ಲಿ ಹಾಗೆಂದರೆ 'ನೋಡ್ತಾ ಇದ್ದೀನಿ, ತಿನ್ನಿ' ಎಂದು. ಆ ದನಿ ಕಿವಿಗೆ ಬೀಳುತ್ತಿರುವ ತನಕ ಕೆಳಗಿನವರು ತಲೆ ಎತ್ತುವುದಿಲ್ಲ. ದನಿ ನಿಂತರೆ ಎಲ್ಲರೂ ಮೆಳೆಯೊಳಗೆ. 'ಚರ್ರ್' ಎಂದರೆ ಗಿಡುಗವೋ ಬೆಕ್ಕೋ ಹಾವೋ ಬಂತೆಂದು ಅರ್ಥ. ಬೋಳುಮರದ ನೆರಳು ಹಳ್ಳದ ಬಂಡೆ ಮುಟ್ಟಿದರೆ ಸರದಿ ಮುಗಿಯಿತು. ಅಲ್ಲಿಯ ತನಕ ಕಾವಲು ಕೂತವರು ಒಂದು ಇರುವೆಯನ್ನೂ ತಿನ್ನುವಂತಿಲ್ಲ.

ತರಗಿಗೆ ಈ ಕೊನೆಯ ಮಾತು ಗಂಟಲಲ್ಲಿ ಸಿಕ್ಕಿಕೊಂಡಿತ್ತು.

"ಅಜ್ಜಿ, ಮರಿ ಇರೋ ತಾಯಿನ ಮರದ ಮೇಲೆ ಕೂರಿಸ್ತೀಯಲ್ಲ, ನಿನಗೆ ಏನಾದರೂ ಅನ್ನಿಸುತ್ತಾ?" ಎಂದಳು ಒಂದು ದಿನ. "ಕೆಳಗೆ ಅದು ಬಾಯಿ ಬಿಟ್ಕೊಂಡು ಅಳ್ತಾ ಇರುತ್ತೆ. ಮೇಲೆ ನಾನು ಟುಯ್ ಟುಯ್ ಅಂತ ಸಂಗೀತ ಹೇಳ್ತಾ ಇರಬೇಕು."

"ಅದಕ್ಕೆ ತುತ್ತು ಕೊಡೋಕೆ ನಾವಿದ್ದೀವಿ" ಎಂದಳು ಬೂದಜ್ಜಿ.

"ಯಾರು ಕೊಡ್ತೀರಿ? ಸೊಟ್ಟಮಾವ ಕೊಡೋ ಹುಳ ಕೊಕ್ಕಿನ ಪಕ್ಕದಿಂದ ಬಿದ್ದುಹೋಗುತ್ತೆ. ನನ್ನ ಗಂಡ ಕೊಡೋದು ಅವನ ಹೊಟ್ಟೆಗೇ ಹೋಗುತ್ತೆ."

ಸೊಟ್ಟಮಾವ ತಲೆ ಎತ್ತದೆ, "ನನ್ನ ಕೊಕ್ಕಿನ ಸುದ್ದಿ ಬೇಡ ಕಣೇ" ಎಂದ. ಹೊಂಗನ ಬಾಯಲ್ಲಿ ಆಗಲೂ ಒಂದು ಹುಳ ಇತ್ತು.

"ನಿನ್ನ ತಾಯಿನೂ ಮರಿ ಬಿಟ್ಟು ಕೂತಳು ತರಗಿ. ನಾನೂ ಕೂತೆ" ಎಂದಳು ಬೂದಜ್ಜಿ. "ಹೋಗು, ನೆರಳು ಬಾಗ್ತಾ ಇದೆ."

ತರಗಿ ಗೊಣಗುತ್ತಾ ಹಾರಿಹೋಗಿ ಕೂತಳು. 'ಟುಯ್' ಎಂದಳು. ಕೆಳಗೆ ಚಿಗುರಿ ಬಾಯಿ ತೆರೆದು ರೆಕ್ಕೆ ನಡುಗಿಸುತ್ತಾ ಒಬ್ಬರಿಂದ ಒಬ್ಬರ ಹತ್ತಿರ ಕುಪ್ಪಳಿಸುವುದು ಕಾಣುತ್ತಿತ್ತು. ಒಂದೊಂದು 'ಟುಯ್' ಎನ್ನುವಾಗಲೂ ತರಗಿ ಕೊಂಬೆಯ ತುದಿಗೆ ಒಂದಿಷ್ಟು ಸರಿಯುತ್ತಿದ್ದಳು.

ಅದೇ ಹೊತ್ತಿಗೆ ಪಕ್ಕದ ಕೊಂಬೆಯ ಮೇಲೆ ಕಾಜಾಣ ಬಂದು ಕೂತ. ಕಾಜಾಣ ಎಂದರೆ ಮಿರಿಮಿರಿ ಕಪ್ಪು ಹಕ್ಕಿ. ಬಾಲದಿಂದ ಎರಡು ಉದ್ದನೆಯ ಎಳೆ ಇಳಿಬಿದ್ದಿರುತ್ತವೆ, ಎಳೆಯ ತುದಿಗೆ ಒಂದೊಂದು ಗರಿ. ಅವನು ಹಾರಿದರೆ ಹಿಂದೆ ಎರಡು ದುಂಬಿ ಅಟ್ಟಿಸಿಕೊಂಡು ಹೋಗುತ್ತಿರುವಂತೆ ಕಾಣುತ್ತದೆ. ಹರಟೆಮಲ್ಲಗಳು ಎಲೆ ಮಗುಚಿದಾಗ ಮಿಡತೆಗಳು ಗಾಬರಿಯಿಂದ ಮೇಲಕ್ಕೆ ಹಾರುತ್ತವಲ್ಲ, ಅವನ್ನು ಗಾಳಿಯಲ್ಲೇ ಎಗರಿಸುವುದು ಅವನ ಕಸುಬು. ಇವರು ದಿನಾ ಅವನನ್ನು ಬೈಯುತ್ತಿದ್ದರು, ಅವನು ದಿನಾ ಎಗರಿಸುತ್ತಿದ್ದ.

ಇನ್ನೊಂದು ವಿದ್ಯೆಯೂ ಅವನಲ್ಲಿತ್ತು. ಕೇಳಿದ ದನಿಯನ್ನೆಲ್ಲ ಅವನು ಹಾಗೆಹಾಗೇ ಕೂಗುತ್ತಿದ್ದ. ಅಂದು ಕೂತವನೇ ಗೂಬೆಯಂತೆ ಕೂಗಿದ, ಕಾಡುಬೆಕ್ಕಿನಂತೆ ಗುರುಗುಟ್ಟಿದ, ಆಮೇಲೆ ತರಗಿಯ ಕಡೆ ತಿರುಗಿ 'ಟುಯ್… ಟುಯ್…' ಎಂದ.

ತರಗಿಯ ಮೈಮೇಲಿನ ಗರಿಗಳು ಎದ್ದು ನಿಂತವು. ಅದು ಅವಳದೇ ದನಿ. ತನ್ನ ಗಂಟಲಿನಿಂದಲೇ ಯಾರೋ ತೆಗೆದುಕೊಂಡು ಹೋದಂತಿತ್ತು.

ಕೆಳಗೆ ನೋಡಿದಳು. ಯಾರೂ ತಲೆ ಎತ್ತಿರಲಿಲ್ಲ. ಬೂದಜ್ಜಿ ಕೂಡ.

ಹೆದರಿಕೆ ಒಂದು ಗಳಿಗೆ ಇತ್ತು, ಆಮೇಲೆ ಬುದ್ಧಿ ಓಡಿತು. ಹೆದರಿಕೆ ಅಲ್ಲೇ ಇನ್ನೊಂದು ಸ್ವಲ್ಪ ಹೊತ್ತು ಇದ್ದಿದ್ದರೆ ಚೆನ್ನಾಗಿತ್ತು.

"ಕಾಜಾಣಣ್ಣ, ಅದನ್ನ ನೆರಳು ಬಂಡೆ ಮುಟ್ಟೋ ತನಕ ಕೂಗೋಕಾಗುತ್ತಾ?"

"ನನಗೇನು ತಂಗಿ, ನಾಳೆ ತನಕ ಕೂಗ್ತೀನಿ. ನನಗೇನು ಸಿಗುತ್ತೆ?"

"ಮಿಡತೆ ಹಾರಿದರೆ ನೀನು ಹಿಡ್ಕೋ. ಯಾರೂ ಬೈಯದ ಹಾಗೆ ನಾನು ನೋಡ್ಕೋತೀನಿ."

"ಬೈಗುಳ ಇಲ್ಲದ ಊಟ" ಎಂದು ಕಾಜಾಣ ಎರಡು ಗರಿ ಅಲ್ಲಾಡಿಸಿದ. "ಆಗಲಿ."

ತರಗಿ ಮೆಳೆಯ ಹಿಂಬದಿಗೆ ಇಳಿದಳು. ಅಜ್ಜಿಯ ಕಿವಿಗೆ ಬೀಳಬಾರದಲ್ಲ, ಅದಕ್ಕೇ ಅಷ್ಟು ದೂರ. ಅಲ್ಲಿ ತರಗೆಲೆ ಮೊಣಕಾಲೆತ್ತರ ಬಿದ್ದಿತ್ತು. ಕೆಳಗೆ ಗೆದ್ದಲೋ ಗೆದ್ದಲು. ಬಾಯಿ ಬಿಗಿಹಿಡಿದು, ಹರಟೆಮಲ್ಲ ಜಾತಿಯಲ್ಲಿ ಯಾರೂ ತಿಂದಿರದಷ್ಟು ಮೌನವಾಗಿ ತಿಂದಳು. ಚಿಗುರಿಯನ್ನು ಸನ್ನೆ ಮಾಡಿ ಕರೆದು ಅದರ ಗಂಟಲ ತನಕ ತುಂಬಿಸಿದಳು. ಮರಿ ಹುಟ್ಟಿದ ಮೇಲೆ ಮೊದಲ ಸಲ ಅಳುವುದನ್ನು ನಿಲ್ಲಿಸಿ ನಿದ್ದೆ ಹೋಯಿತು.

ನೆರಳು ಬಂಡೆ ಮುಟ್ಟಿತು. ತರಗಿ ಸುತ್ತು ಹಾಕಿ ಬೋಳುಮರದ ಕಡೆಯಿಂದ ಇಳಿದು ಬಂದಳು.

"ಇವತ್ತು ಒಂದೇ ಸಮನೆ ಕೂಗಿದೆ ಮಗಳೇ. ಸ್ವಲ್ಪವೂ ತಡವರಿಸಲಿಲ್ಲ" ಎಂದಳು ಬೂದಜ್ಜಿ.

"ನಾನೇನು ಮೊದಲು ತಡವರಿಸ್ತಿದ್ದೆನಾ?" ಎಂದು ತರಗಿ ರೇಗಿದಳು. ಸಿಕ್ಕಿಬೀಳುವ ಭಯ ಇದ್ದವರು ಮೊದಲು ರೇಗುತ್ತಾರೆ, ನೀವೂ ಗಮನಿಸಿ ನೋಡಿ.

ಇಂಥ ಜಾಣತನವನ್ನು ಒಬ್ಬಳೇ ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದು ಕಷ್ಟ. ಗರಿಕೆಗೆ ಹೇಳಿದಳು. ಗರಿಕೆಗೆ ಮೊದಲು ಅಂಜಿಕೆ.

"ಅಕ್ಕ, ಅಜ್ಜಿ ನನ್ನ ದನಿ ಗುರುತು ಹಿಡೀತಾಳೆ. ಕೊನೆಯಲ್ಲಿ ಒಡೆಯುತ್ತಲ್ಲ."

"ಅವನು ಒಡೆದೇ ಕೂಗ್ತಾನೆ, ಕೇಳು ಬೇಕಾದರೆ."

ಕಾಜಾಣ ಗರಿಕೆಯ ದನಿಯನ್ನು ಒಮ್ಮೆ ಕೇಳಿ, ಕೊನೆಯ ಆ ಸಣ್ಣ ಬಿರುಕನ್ನೂ ಬಿಡದೆ ಕೂಗಿದ. ಗರಿಕೆ ನಕ್ಕಳು. "ನಾನು ಸತ್ತರೂ ನನ್ನ ದನಿ ಇರುತ್ತೆ ಹಾಗಾದರೆ" ಎಂದಳು.

"ಬಾಯಿಗೆ ಬಂದಿದ್ದು ಆಡಬೇಡ. ಹೋಗಿ ಗೆದ್ದಲು ತಿನ್ನು" ಎಂದಳು ತರಗಿ.

ಸೊಟ್ಟಮಾವನಿಗೆ ಹೇಗೋ ಗೊತ್ತಾಯಿತು. ಹೊಂಗನಿಗೆ ತರಗಿಯೇ ಹೇಳಿದಳು. ಹೀಗೆ ಬೂದಜ್ಜಿ ಒಬ್ಬಳನ್ನು ಬಿಟ್ಟು ಉಳಿದವರಿಗೆಲ್ಲ ತಿಳಿಯಿತು. ಬೂದಜ್ಜಿಗೆ ಕಣ್ಣು ಮಂಜಾಗಿದ್ದರಿಂದ ಅವಳನ್ನು ಕಾವಲಿಗೆ ಕೂರಿಸುವುದು ಎಂದೋ ನಿಂತಿತ್ತು. ಅಂದರೆ ಬೋಳುಮರದ ಮೇಲೆ ಈಗ ಹರಟೆಮಲ್ಲದ ಒಂದು ಕಣ್ಣೂ ಇರಲಿಲ್ಲ. ದನಿ ಇತ್ತು. ಒಂದು ದಿನ ತರಗಿಯದು, ಒಂದು ದಿನ ಸೊಟ್ಟಮಾವನದು, ಒಂದು ದಿನ ಗರಿಕೆಯದು. ಸರದಿ ಯಾರದೋ ಅವರು ಮೆಳೆಯ ಹಿಂದೆ ಒಬ್ಬರೇ ಹೋಗಿ ಬಾಯಿ ಮುಚ್ಚಿಕೊಂಡು ತಿನ್ನುತ್ತಿದ್ದರು. ಅಲ್ಲಿಗೆ ಸದ್ದಿಲ್ಲದೆ ಬರುತ್ತಿದ್ದವಳು ಚಿಗುರಿ ಒಬ್ಬಳೇ. ಅದರಲ್ಲೂ ಗರಿಕೆ ಚಿಕ್ಕಮ್ಮ ಇದ್ದ ದಿನ ಅವಳು ಹೋಗದೆ ಇರುತ್ತಿರಲಿಲ್ಲ. ಗರಿಕೆ ದಪ್ಪ ಗೆದ್ದಲನ್ನು ಮರಿಗೆ ಎತ್ತಿಟ್ಟಿರುತ್ತಿದ್ದಳು.

ಸ್ವಲ್ಪ ದಿನ ಎಲ್ಲರೂ ಮೈಕೈ ತುಂಬಿಕೊಂಡರು.

ಆಮೇಲೆ ಒಂದು ಮಧ್ಯಾಹ್ನ, ಸೊಟ್ಟಮಾವನ ಸರದಿಯ ದಿನ, ನೆರಳು ಬಂಡೆ ಮುಟ್ಟಿದರೂ ಅವನು ಬರಲಿಲ್ಲ.

"ಹಳ್ಳದ ಆಚೆ ಗುಂಪಿಗೆ ಹೋಗಿರ್ತಾನೆ" ಎಂದಳು ತರಗಿ. "ನಿನ್ನೆ ನನ್ನ ಹತ್ತಿರ ಜಗಳ ಆಡಿದ್ದ. ಮುನಿಸು ಇಳಿದ ಮೇಲೆ ಬರ್ತಾನೆ."

"ಹೋದರೂ ಕಾವಲು ಮುಗಿಸಿ ಹೋಗಿದ್ದಾನೆ" ಎಂದಳು ಬೂದಜ್ಜಿ. "ಕೊನೆಯ ತನಕ ಅವನ ದನಿ ಕೇಳಿದೆ. ಅಷ್ಟು ಮರ್ಯಾದೆ ಇದೆ ಅವನಿಗೆ."

ತರಗಿ ಹೊಂಗನ ಮುಖ ನೋಡಿದಳು. ಹೊಂಗ ನೆಲ ನೋಡಿದ.

ಆ ಸಂಜೆ ಕೊಂಬೆಯ ಮೇಲೆ ಸಾಲಾಗಿ ಕೂತಾಗ ಸೊಟ್ಟಮಾವನ ಜಾಗ ಖಾಲಿ ಇತ್ತು. ಪಕ್ಕದವರು ಒತ್ತಿ ಕೂತು ಅದನ್ನು ಮುಚ್ಚಿದರು. ಆದರೂ ಅಲ್ಲಿಂದ ಒಂದು ತಣ್ಣನೆಯ ಗಾಳಿ ಸಾಲಿನ ಉದ್ದಕ್ಕೂ ಹಾದಂತಾಯಿತು.

ಅವನು ಮರುದಿನವೂ ಬರಲಿಲ್ಲ. ಮೆಳೆಯ ಸುತ್ತ ಹರಟೆ ಸ್ವಲ್ಪ ತಗ್ಗಿತು. ತಗ್ಗಿದ್ದರಿಂದ ಬೇರೆ ಸದ್ದುಗಳು ಕೇಳಿಸತೊಡಗಿದವು. ಬಿದಿರಿನ ಗಳ ಒಂದಕ್ಕೊಂದು ತೀಡುವ ಕಿರ್ರೆನ್ನುವ ಸದ್ದು. ಮೆಳೆಯ ಹಿಂದೆ ಯಾರೂ ಇಲ್ಲದಾಗಲೂ ತರಗೆಲೆ ಅಲುಗುವ ಸದ್ದು. ಹೊಂಗ ಒಮ್ಮೆ ತಲೆ ಎತ್ತಿ, "ಅದೇನು?" ಎಂದ.

ಮೇಲಿಂದ 'ಟುಯ್… ಟುಯ್…' ಎಂದು ದನಿ ಬಂತು. ಹೊಂಗನ ತಲೆ ತಾನಾಗಿ ತಗ್ಗಿತು.

ಹೊಂಗನಿಗೆ ಗೊತ್ತಿತ್ತು ಅದು ಕಾಜಾಣ ಎಂದು. ಆದರೂ ತಗ್ಗಿತು ನೋಡಿ. ಹುಟ್ಟಿದಾಗಿನಿಂದ ಆ ದನಿಗೆ ತಲೆ ತಗ್ಗಿಸಿ ಅಭ್ಯಾಸವಾದ ಕತ್ತು, ಅದು ಯಾರದೆಂದು ಕೇಳುತ್ತಾ ಕೂರುವುದಿಲ್ಲ.

ಗರಿಕೆಯ ಸರದಿ ಬಂತು. ಅವಳು ಹೋಗುವ ಮುಂಚೆ ತರಗಿಯ ಕತ್ತಿನ ಗರಿ ಬಿಡಿಸುತ್ತಾ, "ಅಕ್ಕ, ಇವತ್ತು ನಾನು ನಿಜವಾಗಲೂ ಮರದ ಮೇಲೇ ಕೂರಲಾ? ಯಾಕೋ ಆ ಕಡೆ ಹೋಗೋಕೆ ಮನಸ್ಸಿಲ್ಲ" ಎಂದಳು.

"ಕೂತರೆ ಕೂರು. ಚಿಗುರಿ ಮಾತ್ರ ನಿನ್ನ ಗೆದ್ದಲಿಗೆ ಬೆಳಗ್ಗೆಯಿಂದ ಬಾಯಿ ಚಪ್ಪರಿಸ್ತಾ ಇದೆ."

ಗರಿಕೆ ನಗುತ್ತಾ ಮೆಳೆಯ ಹಿಂದೆ ಹೋದಳು. ಅಂದು ಚಿಗುರಿ ಅಷ್ಟರಲ್ಲಿ ಉಳಿದವರ ತುತ್ತು ತಿಂದು ಹೊಟ್ಟೆ ತುಂಬಿ ನಿದ್ದೆ ಹೋಗಿದ್ದಳು, ಹಿಂದೆ ಹೋಗಲಿಲ್ಲ. ಬೋಳುಮರದಿಂದ ಕೊನೆಯಲ್ಲಿ ಒಡೆಯುವ ದನಿ ಒಂದೇ ಸಮ ಕೇಳುತ್ತಿತ್ತು.

ನೆರಳು ಬಂಡೆ ಮುಟ್ಟಿತು, ದಾಟಿತು. ಗರಿಕೆ ಬರಲಿಲ್ಲ. ದನಿ ನಿಲ್ಲಲಿಲ್ಲ.

"ಗರಿಕೆ ಇನ್ನೂ ಇಳಿದಿಲ್ಲವಲ್ಲ" ಎಂದಳು ಬೂದಜ್ಜಿ.

"ಬರ್ತಾಳೆ ಅಜ್ಜಿ, ಕೂಗ್ತಿದ್ದಾಳಲ್ಲ" ಎಂದು ತರಗಿ ಹೇಳಿ, ಮೆಳೆಯ ಹಿಂದೆ ಹಾರಿದಳು.

ಅಲ್ಲಿ ಯಾರೂ ಇರಲಿಲ್ಲ. ಗೆದ್ದಲಿನ ಮಣ್ಣು ಕೆದರಿದ ಗುರುತಿತ್ತು. ಆರಿಸಿ ಒಂದು ಕಡೆ ಇಟ್ಟ ದಪ್ಪ ಗೆದ್ದಲುಗಳು ನಿಧಾನವಾಗಿ ಹರಿದುಹೋಗುತ್ತಿದ್ದವು. ಎಲೆರಾಶಿಯ ಮೇಲೆ ಒಂದು ಸಣ್ಣ ಬೂದುಗರಿ ನೆಟ್ಟಗೆ ನಿಂತಿತ್ತು. ಗಾಳಿ ಇಲ್ಲದಿದ್ದರೂ ಅದು ಮೆಲ್ಲಗೆ ಮೇಲೇಳುತ್ತಿತ್ತು, ಮೆಲ್ಲಗೆ ಇಳಿಯುತ್ತಿತ್ತು.

"ಗರಿಕೆ" ಎಂದು ತರಗಿ ಕರೆದಳು.

"ಟುಯ್…" ಎಂದಿತು ಬೋಳುಮರದಿಂದ ಗರಿಕೆಯ ದನಿ. "ಟುಯ್…"

ತರಗಿ ಅಲ್ಲಿ ನಿಲ್ಲಲಿಲ್ಲ. ಹಾರಿ ಬಂದು ಕೊಂಬೆ ಸೇರಿ, ಚಿಗುರಿಯನ್ನು ರೆಕ್ಕೆಯ ಕೆಳಗೆ ಎಳೆದುಕೊಂಡು, ಕಣ್ಣು ಮುಚ್ಚಿದಳು. ಅಜ್ಜಿಗೆ ಹೇಳಬೇಕಿತ್ತು. ಹೇಳಿದರೆ ಮೊದಲಿನಿಂದ ಹೇಳಬೇಕಾಗುತ್ತಿತ್ತು. ನಾಳೆ ಗರಿಕೆ ಬಂದರೆ ಸುಮ್ಮನೆ ಹೇಳಿದಂತಾಗುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಬೆಳಗಾಗುವ ತನಕ ಅದನ್ನೇ ಹೇಳಿಕೊಳ್ಳುತ್ತಿದ್ದಳು.

ಬೆಳಗಾಯಿತು. ಗರಿಕೆಯ ಜಾಗ ಖಾಲಿಯೇ ಇತ್ತು.

"ಗರಿಕೆ ಬಂದಳಾ?" ಎಂದು ಬೂದಜ್ಜಿ ಕೇಳಿದಳು. ತರಗಿ ಬಾಯಿ ತೆರೆದಳು. ಎಲ್ಲವನ್ನೂ ಹೇಳಿಬಿಡಬೇಕೆಂದೇ ತೆರೆದಳು. ಅಷ್ಟರಲ್ಲಿ ಬೋಳುಮರದಿಂದ ಆ ಒಡೆದ ದನಿ ಬಂತು. ಯಾರೂ ಕೂಗು ಎಂದು ಹೇಳಿರಲಿಲ್ಲ. ಅದು ಗರಿಕೆಯ ಸರದಿಯೂ ಅಲ್ಲ. ಕಾಜಾಣನಿಗೆ ಆ ದನಿ ಹಿಡಿಸಿಬಿಟ್ಟಿತ್ತು.

ಬೂದಜ್ಜಿಯ ಮುಖ ಹಗುರವಾಯಿತು. "ಓ, ಆಗಲೇ ಹೋಗಿ ಕೂತಿದ್ದಾಳೆ. ಪಾಪ, ಊಟವನ್ನೂ ಮಾಡಲಿಲ್ಲ. ನಡೀರಿ, ಇಳಿಯೋಣ."

ಎಲ್ಲರೂ ಇಳಿದರು. ತಲೆ ತಗ್ಗಿಸಿದರು.

ತರಗಿ ಇಳಿಯಲಿಲ್ಲ. ನೆಟ್ಟಗೆ ಬೋಳುಮರಕ್ಕೆ ಹಾರಿದಳು. ಎಷ್ಟೋ ದಿನದಿಂದ ಅವಳು ಆ ಮರದ ಮೇಲೆ ಕಾಲಿಟ್ಟಿರಲಿಲ್ಲ. ಕಾಜಾಣ ಕೊಂಬೆಯ ತುದಿಯಲ್ಲಿ ಆರಾಮವಾಗಿ ಕೂತಿದ್ದ.

"ಕಾಜಾಣಣ್ಣ, ನನ್ನ ತಂಗಿ ಎಲ್ಲಿ?"

"ನನಗೇನು ಗೊತ್ತು?"

"ನಿನ್ನೆ ಇಡೀ ಮಧ್ಯಾಹ್ನ ಇಲ್ಲೇ ಕೂತಿದ್ದೆ. ಕೆಳಗೆ ಏನಾಯಿತು ಅಂತ ನೋಡಲಿಲ್ಲವಾ?"

ಕಾಜಾಣನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ನೋಡೋಕೆ ನನಗೆ ಯಾರು ಹೇಳಿದರು ತಂಗಿ? ಕೂಗು ಅಂದೆ, ಕೂಗಿದೆ. ನನ್ನ ಕಣ್ಣು ಮಿಡತೆ ಮೇಲಿತ್ತು." ಇಷ್ಟು ಹೇಳಿ, ಮತ್ತೆ ಗರಿಕೆಯ ದನಿಯಲ್ಲಿ 'ಟುಯ್' ಎಂದ.

ತರಗಿ ಕೆಳಗೆ ನೋಡಿದಳು.

ಮೇಲಿಂದ ನೋಡಿದರೆ ನೆಲವೇ ಬೇರೆ. ಮೆಳೆಯ ಹಿಂದಿನ ಎಲೆರಾಶಿ ಕೆಳಗಿನಿಂದ ಬರೀ ರಾಶಿ. ಮೇಲಿಂದ ಅದಕ್ಕೆ ಒಂದು ಆಕಾರ ಇತ್ತು. ಒಂದು ಸುತ್ತು, ಅದರ ಮೇಲೆ ಇನ್ನೊಂದು ಸುತ್ತು. ಕಂದು, ಹಳದಿ, ಕಪ್ಪು ಮಚ್ಚೆ, ಎಲ್ಲ ತರಗೆಲೆಯದೇ ಬಣ್ಣ. ಆ ರಾಶಿ ಉಸಿರಾಡುತ್ತಿತ್ತು. ಮೆಲ್ಲಗೆ ಏರುತ್ತಿತ್ತು, ಮೆಲ್ಲಗೆ ಇಳಿಯುತ್ತಿತ್ತು. ನಿನ್ನೆ ಸಂಜೆ ತಾನು ಅದರ ಪಕ್ಕದಲ್ಲೇ ನಿಂತು ತಂಗಿಯ ಹೆಸರು ಹಿಡಿದು ಕರೆದಿದ್ದಳು.

ಅದು ಹೆಬ್ಬಾವು.

ಆ ರಾಶಿಯ ಕಡೆಗೆ, ಚಿಕ್ಕಮ್ಮ ಎತ್ತಿಟ್ಟ ಗೆದ್ದಲನ್ನು ಹುಡುಕುತ್ತಾ, ಚಿಗುರಿ ಒಬ್ಬಳೇ ಕುಪ್ಪಳಿಸುತ್ತಾ ಹೋಗುತ್ತಿದ್ದಳು.

"ಚರ್ರ್, ಚರ್ರ್" ಎಂದು ತರಗಿ ಗಂಟಲು ಹರಿಯುವಂತೆ ಕೂಗಿದಳು. ಕೆಳಗೆ ತಲೆಗಳು ಮೇಲೆದ್ದವು. ಅದೇ ಗಳಿಗೆಯಲ್ಲಿ ಅವಳ ಪಕ್ಕದಲ್ಲೇ, ಇಂಪಾಗಿ, 'ಟುಯ್… ಟುಯ್…' ಎಂದು ಗರಿಕೆಯ ದನಿ ಬಂತು. ತಲೆಗಳು ತಗ್ಗಿದವು.

"ತರಗಿ ಅಲ್ಲಿ ಹೋಗಿ ಯಾರ ಮೇಲೋ ರೇಗ್ತಿದ್ದಾಳೆ" ಎಂದಳು ಬೂದಜ್ಜಿ ಕೆಳಗೆ. "ಹೊತ್ತಿಲ್ಲ ಗೊತ್ತಿಲ್ಲ ಅವಳಿಗೆ. ತಿನ್ನಿ, ಗರಿಕೆ ನೋಡ್ತಾ ಇದ್ದಾಳೆ."

"ನಿಲ್ಲಿಸು" ಎಂದಳು ತರಗಿ ಕಾಜಾಣನಿಗೆ. "ನೀನು ನಿಲ್ಲಿಸಿದರೆ ಸಾಕು, ಅವರೆಲ್ಲ ಅಡಗಿಕೋತಾರೆ. ನಿನ್ನ ಕಾಲಿಗೆ ಬೀಳ್ತೀನಿ, ನಿಲ್ಲಿಸು."

"ಶುರು ಮಾಡಿದ್ದು ನಿನಗಾಗಿ ತಂಗಿ. ಈಗ ನನಗೇ ಖುಷಿಯಾಗಿದೆ" ಎಂದ ಕಾಜಾಣ. ಕೆಳಗಿಂದ ಒಂದು ಮಿಡತೆ ಹಾರಿತು. ಅವನು ಎರಡು 'ಟುಯ್' ನಡುವೆಯೇ ಅದನ್ನು ಗಾಳಿಯಲ್ಲಿ ಕಚ್ಚಿಕೊಂಡು ಬಂದು ನುಂಗಿ, ಬಿಟ್ಟಲ್ಲಿಂದ ಮುಂದುವರಿಸಿದ.

ತರಗಿ ರೆಕ್ಕೆ ಮಡಚಿ ಕಲ್ಲಿನಂತೆ ಬಿದ್ದಳು.

ಅವಳು ಮರಿಯ ಮೇಲೆ ಬೀಳುವುದಕ್ಕೂ ಎಲೆರಾಶಿಯಿಂದ ಒಂದು ತಲೆ ಹೊರಗೆ ಬರುವುದಕ್ಕೂ ಸರಿಹೋಯಿತು. ತಾಯಿ ಮಗಳು ಇಬ್ಬರೂ ಉರುಳಿದರು. ಏನೋ ಭಾರವಾದದ್ದು ಬೆನ್ನ ಹಿಂದೆ ಹಾದುಹೋಯಿತು. ತರಗಿ ಎದ್ದು ನಿಂತಾಗ ಅವಳ ಬಾಲದ ಗರಿಗಳು ಹಾವಿನ ಬಾಯಲ್ಲಿದ್ದವು.

ಹಾವು ಆ ಗರಿಗಳನ್ನು ಅವಸರವಿಲ್ಲದೆ ಉಗುಳಿತು. ಒಣ ಎಲೆಗಳು ಅದರ ಮೈಮೇಲಿಂದ ಒಂದೊಂದಾಗಿ ಜಾರಿದವು. ಮೈಯ ನಡುವೆ ಚರ್ಮ ಬಿಗಿದು ಉಬ್ಬಿತ್ತು. ತರಗಿ ಆ ಕಡೆ ನೋಡಬಾರದು ಅಂದುಕೊಂಡಳು, ನೋಡಿದಳು.

"ನನ್ನನ್ನ ಯಾಕೆ ಹಾಗೆ ನೋಡ್ತೀಯವ್ವ" ಎಂದಿತು ಹಾವು, ಪಕ್ಕದ ಮನೆಯವರು ಬೇಲಿಯಾಚೆ ನಿಂತು ಮಾತಾಡುವಂತೆ. "ಆ ಮರದ ಮೇಲೆ ಕಣ್ಣಿದ್ದಷ್ಟು ದಿನ ನಾನು ಹಳ್ಳ ದಾಟಲಿಲ್ಲ. ಕಣ್ಣು ಹೋಯಿತು, ಬಂದೆ. ಇಲ್ಲಿ ಒಬ್ಬೊಬ್ಬರೇ ಬರ್ತಿದ್ದಿರಿ, ಬಾಯಿ ಮುಚ್ಕೊಂಡು ಬರ್ತಿದ್ದಿರಿ. ನಾನು ಯಾರನ್ನೂ ಅಟ್ಟಿಸಿಕೊಂಡು ಹೋಗಲಿಲ್ಲ. ಮೇಲೆ ಏನೋ ಕೊಕ್ಕು ಆಡಿಸ್ತಾ ಇರುತ್ತೆ. ಅದು ನಿಮ್ಮ ನಿಮ್ಮೊಳಗಿನ ವಿಷಯ ತಾಯಿ, ನನಗೆ ಕಿವಿ ಇಲ್ಲ."

ಅದು ಉತ್ತರಕ್ಕೆ ಕಾಯಲಿಲ್ಲ. ಕೇಳಿಸುವುದೇ ಇಲ್ಲವಲ್ಲ. ತಲೆಯನ್ನು ಹಿಂದಕ್ಕೆ ಎಳೆದುಕೊಂಡು ಚಿಗುರಿಯ ಕಡೆ ತಿರುಗಿಸಿತು.

ತರಗಿ ಹಾರಬಹುದಿತ್ತು. ಮರಿಗೆ ಬರುತ್ತಿರಲಿಲ್ಲ. 'ಚರ್ರ್' ಎಂದರೆ ಯಾರೂ ಬರುವುದಿಲ್ಲ ಎಂದು ಆಗಲೇ ಕಂಡಿದ್ದಳು. ಇಷ್ಟು ದಿನ ನುಂಗಿಕೊಂಡಿದ್ದ ಮಾತೊಂದೇ ಉಳಿದಿತ್ತು.

"ಅಜ್ಜಿ" ಎಂದು ಕಿರುಚಿದಳು. "ಮರದ ಮೇಲೆ ಗರಿಕೆ ಇಲ್ಲ. ಅದು ಕಾಜಾಣ. ನಾನೇ ಕೂರಿಸಿದ್ದು. ಮೇಲೆ ಯಾರೂ ಇಲ್ಲ ಅಜ್ಜಿ, ಯಾರೂ ನೋಡ್ತಿಲ್ಲ. ಗರಿಕೆನ ಹಾವು ತಿಂದಿದೆ."

ಮೇಲಿಂದ ಆ ದನಿ ಬರುತ್ತಲೇ ಇತ್ತು.

ಆಮೇಲೆ ಬೂದಜ್ಜಿ 'ಚರ್ರ್' ಎಂದಳು. ಕಣ್ಣು ಸರಿಯಾಗಿ ಕಾಣದ ಆ ಮುದುಕಿಯೇ ಮೊದಲು ಬಂದಳು. ಅವಳ ಹಿಂದೆ ಹೊಂಗ, ಹೊಂಗನ ಹಿಂದೆ ಉಳಿದವರು. ಹರಟೆಮಲ್ಲಗಳು ಒಬ್ಬೊಬ್ಬರಾಗಿ ಏನೂ ಅಲ್ಲ, ಒಂದು ಹಿಡಿ ಗರಿ ಅಷ್ಟೆ. ಎಲ್ಲರೂ ಕೂಡಿ ಮೈಮೇಲೆ ಬಿದ್ದರೆ ಬೇರೆ ಮಾತು. ಒಬ್ಬರು ಬಾಲ ಕುಕ್ಕಿದರು, ಹಾವು ಆ ಕಡೆ ತಿರುಗಿದಾಗ ಇನ್ನೊಬ್ಬರು ತಲೆ ಕುಕ್ಕಿದರು. ಹೊಂಗ ಮರಿಗೆಂದು ಒಂದು ಹುಳ ಹಿಡಿದವನು, ಅದನ್ನು ಅಲ್ಲೇ ಬಿಸಾಡಿ ಹಾವಿನ ಕಣ್ಣಿಗೇ ಕೊಕ್ಕು ಹಾಕಿದ. ಉಂಡು ಭಾರವಾಗಿದ್ದ ಹಾವಿಗೆ ಈ ರಗಳೆ ಬೇಕಿರಲಿಲ್ಲ. ಅದು ಸುತ್ತು ಬಿಚ್ಚಿ, ಹಳ್ಳದ ಕಡೆಗೆ ನಿಧಾನವಾಗಿ ಹರಿದುಹೋಯಿತು. ಅದು ಎಷ್ಟು ಹೊತ್ತು ಹರಿಯುತ್ತಲೇ ಇತ್ತು ಎಂದರೆ, ಅಷ್ಟು ಉದ್ದದ್ದು ತಮ್ಮ ಪಕ್ಕದಲ್ಲಿ ಇಷ್ಟು ದಿನ ಮಲಗಿತ್ತೇ ಎಂದು ಎಲ್ಲರೂ ಮೈಗೆ ಮೈ ಒತ್ತಿ ನಿಂತರು.

ತರಗಿ ಎಲ್ಲವನ್ನೂ ಹೇಳಿದಳು. ಈ ಸಲ ಮೊದಲಿನಿಂದ ಹೇಳಿದಳು.

"ಸೊಟ್ಟಮಾವನೂ?" ಎಂದಳು ಬೂದಜ್ಜಿ.

"ಅವನೂ ಇರಬೇಕು ಅಜ್ಜಿ."

"ನಾನು ಅವನನ್ನ ಹೊಗಳಿದೆ. ಕಾವಲು ಮುಗಿಸಿ ಹೋದ ಅಂತ." ಬೂದಜ್ಜಿ ಇಷ್ಟೇ ಅಂದಳು. ಬೈದಿದ್ದರೆ ತರಗಿಗೆ ಹಗುರವಾಗುತ್ತಿತ್ತು. ಬೈಯಲಿಲ್ಲ. ಹೊಂಗ ಬಂದು ಚಿಗುರಿಯನ್ನು ಮೆಲ್ಲಗೆ ತನ್ನ ಪಕ್ಕಕ್ಕೆ ಸರಿಸಿಕೊಂಡ. ಗುಟ್ಟು ಅವನಿಗೂ ಗೊತ್ತಿತ್ತಲ್ಲ, ಯಾವ ಬಾಯಲ್ಲಿ ಬೈದಾನು?

ಅಂದು ಯಾರೂ ಎಲೆ ಮಗುಚಲಿಲ್ಲ. ಬೋಳುಮರದ ಮೇಲೆ ಕಾಜಾಣ ಗರಿಕೆಯ ದನಿಯಲ್ಲಿ ಕೂಗುತ್ತಲೇ ಇದ್ದ. ಹೊಂಗ ಹಾರಿಹೋಗಿ ಓಡಿಸಿ ಬಂದ. ಕಾಜಾಣ ಒಂದು ಸುತ್ತು ಹಾಕಿ ಅದೇ ಕೊಂಬೆಗೆ ಬಂದು ಕೂತ.

"ಇಲ್ಲಿಂದ ಹೊರಡೋಣ" ಎಂದಳು ಬೂದಜ್ಜಿ. "ಹಾವಿನ ಭಯಕ್ಕಲ್ಲ. ಹಾವು ಎಲ್ಲ ಕಡೆ ಇರುತ್ತೆ. ಈ ದನಿ ಸುಳ್ಳು ಅಂತ ಗೊತ್ತಿದ್ದೂ, ಕೇಳಿದ ಕೂಡಲೇ ನನ್ನ ತಲೆ ತಗ್ಗುತ್ತೆ. ನಿಮ್ಮದೂ ತಗ್ಗುತ್ತೆ. ನಾನು ಈಗಷ್ಟೇ ನಿಮ್ಮನ್ನ ನೋಡಿದೆ, ಅಷ್ಟು ಮಟ್ಟಿಗೆ ನನಗೆ ಕಣ್ಣು ಕಾಣುತ್ತೆ."

ಹೊರಟರು. ಚಿಗುರಿಗೆ ಹಾರಲು ಬಾರದ್ದರಿಂದ ಎಲ್ಲರೂ ನೆಲದ ಮೇಲೇ ಕುಪ್ಪಳಿಸುತ್ತಾ, ಬತ್ತಿದ ಹಳ್ಳಕ್ಕೆ ಇಳಿದು, ಹಾವು ಹೋದ ಕಡೆ ಬಿಟ್ಟು ಮೇಲ್ಭಾಗದಲ್ಲಿ ದಾಟಿದರು. ಯಾರೂ ಹರಟಲಿಲ್ಲ. ಹರಟೆಮಲ್ಲಗಳ ಗುಂಪೊಂದು ಸದ್ದಿಲ್ಲದೆ ಹೋಗುವುದನ್ನು ನೋಡಿ, ದಡದ ಮೇಲಿದ್ದ ಅಳಿಲೊಂದು ಹೆದರಿ ಪೊಟರೆ ಸೇರಿಕೊಂಡಿತು. ತರಗಿ ಎಲ್ಲರಿಗಿಂತ ಹಿಂದೆ, ಬಾಲವಿಲ್ಲದೆ, ಎಡವುತ್ತಾ ಬರುತ್ತಿದ್ದಳು.

ಹಳ್ಳದ ನಡುವೆ ಚಿಗುರಿ ನಿಂತುಬಿಟ್ಟಳು. ಅಪ್ಪನ ಪಕ್ಕ ಬಿಟ್ಟು ತಾಯಿಯ ಹತ್ತಿರ ಬಂದಳು.

"ಅವ್ವ, ಚಿಕ್ಕಮ್ಮ ಇನ್ನೂ ಕೂಗ್ತಾ ಇದ್ದಾಳೆ. ಅವಳನ್ನ ಬಿಟ್ಟು ಹೋಗೋದಾ?"

ತರಗಿ ಮರಿಯ ಕತ್ತಿನ ಗರಿ ಬಿಡಿಸಿದಳು.

"ಅದು ಚಿಕ್ಕಮ್ಮ ಅಲ್ಲ ಕಂದ."

"ಮತ್ತೆ ಅಲ್ಲಿಂದ ನಮ್ಮನ್ನ ನೋಡ್ತಾ ಇರೋದು ಯಾರು?"

"ಯಾರೂ ನೋಡ್ತಾ ಇಲ್ಲ" ಎಂದಳು ತರಗಿ. "ಯಾರೂ ಇಲ್ಲ ಅಲ್ಲಿ. ನಡಿ."

ನೀತಿ: ಕಾವಲು ಕಾಯುವುದು ಕಣ್ಣು, ದನಿಯಲ್ಲ. ತಮ್ಮ ಸರದಿಯ ಎಚ್ಚರವನ್ನು ಬೇರೆಯವರ ಬಾಯಿಗೆ ಒಪ್ಪಿಸಿದವರು, ತಮ್ಮವರು ಇಲ್ಲವಾಗುತ್ತಿದ್ದರೂ 'ಎಲ್ಲ ಸರಿಯಿದೆ' ಎಂಬ ಮಾತನ್ನೇ ಕೇಳುತ್ತಿರುತ್ತಾರೆ.